ಶೇಕ್‌ಡೌನ್ ಸ್ಟ್ರೀಟಿಗಾಗಿ ನಾನು ಬಣ್ಣ ಹಾಕುವ ಅಂಗಿಗಳು

ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡದ ಹಾಡುಗಳನ್ನು ನುಡಿಸುವ ದೊಡ್ಡ ಕಾರ್ಯಕ್ರಮ ಅಮೆರಿಕದ ಯಾವ ಊರಿನಲ್ಲಿ ನಡೆದರೂ, ಬಾಗಿಲು ತೆರೆಯುವುದಕ್ಕೆ ಎಷ್ಟೋ ಮೊದಲೇ ಪಾರ್ಕಿಂಗ್ ಲಾಟಿನಲ್ಲಿ ಸಾಮಾನ್ಯವಾಗಿ ಒಂದು ಅಂಗಡಿ ಸಾಲು ಎದ್ದಿರುತ್ತದೆ. ತಂಡವು 1978ರಲ್ಲಿ ಹೊರತಂದ ಆಲ್ಬಂನ ಹೆಸರನ್ನೇ ಹಿಡಿದು ಅಭಿಮಾನಿಗಳು ಅದನ್ನು ಶೇಕ್‌ಡೌನ್ ಸ್ಟ್ರೀಟ್ ಎನ್ನುತ್ತಾರೆ. 1983ರಲ್ಲಿ ವರ್ಮಾಂಟ್‌ನಲ್ಲಿ ಹುಟ್ಟಿದ ಫಿಶ್ ತಂಡದ ಕಾರ್ಯಕ್ರಮಗಳ ಹೊರಗೂ ಇಂಥದೇ ಸಾಲು ಏಳುತ್ತದೆ. ಟೈ-ಡೈ (ಮಡಚಿ ಕಟ್ಟಿ ಬಣ್ಣ ಹಾಕಿದ) ಬಟ್ಟೆ, ಟೋಪಿಗೆ ಚುಚ್ಚುವ ಎನಾಮೆಲ್ ಪಿನ್ನು, ಸ್ಟಿಕ್ಕರು, ಸ್ಕ್ರೀನ್ ಪ್ರಿಂಟ್ ಪೋಸ್ಟರು, ಬಣ್ಣದ ಗಾಜಿನ ಮಣಿ ಎಲ್ಲವೂ ಅಲ್ಲಿ ಸಿಗುತ್ತವೆ. ಜಾತ್ರೆಗೆ ಬಂದವರೇ ಜಾತ್ರೆಯ ಅಂಗಡಿಯನ್ನೂ ಹಾಕಿದ ಹಾಗೆ, ಮಾರುವವರೂ ಕೊಳ್ಳುವವರೂ ಅದೇ ಹಾಡು ಕೇಳಲು ಬಂದವರು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು ಹಲವು ಬೇಸಿಗೆಗಳಿಂದ ಈ ಸಾಲಿನಲ್ಲಿ ನನ್ನ ಕೈಯಾರೆ ಬಣ್ಣ ಹಾಕಿದ ಅಂಗಿಗಳನ್ನು ಮಾರುತ್ತಿದ್ದೇನೆ. ಈ ಕೆಲಸವನ್ನು ಮಾಡುವ ಬಗೆಯನ್ನು ಕೇಳುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬಳಸುವುದು ಪ್ರೋಸಿಯಾನ್ ಎಂಎಕ್ಸ್ ಬಗೆಯ ಬಣ್ಣ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದ ಈ ಬಣ್ಣವು ನೂಲಿನ ಮೇಲೆ ಕೂರುವುದಿಲ್ಲ, ಹತ್ತಿಯ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆದ್ದರಿಂದಲೇ ವರ್ಷಗಟ್ಟಲೆ ಒಗೆದರೂ ಮಾಸುವುದು ಕಡಿಮೆ. ಹಾಗೆ ಬೆಸೆಯಲು ಕ್ಷಾರ ಬೇಕು, ತೇವ ಬೇಕು, ಬೆಚ್ಚಗಿನ ವಾತಾವರಣ ಬೇಕು. ಒಂದು ಗ್ಯಾಲನ್ ನೀರಿಗೆ, ಅಂದರೆ ಸುಮಾರು 3.8 ಲೀಟರಿಗೆ, ಕ್ಷಾರವಾಗಿ ಒಂದು ಕಪ್ ವಾಷಿಂಗ್ ಸೋಡಾ ಕರಗಿಸಿ, ನೂರಕ್ಕೆ ನೂರು ಹತ್ತಿಯ ಅಂಗಿಯನ್ನು ಅದರಲ್ಲಿ ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನೆನೆಸಿ, ನೀರು ತೊಟ್ಟಿಕ್ಕದಂತೆ ಹಿಂಡಿ ಮಡಚುತ್ತೇನೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಹತ್ತಿಯ ಭಾಗ ಮಾತ್ರ ಬಣ್ಣ ಹಿಡಿಯುವುದರಿಂದ ಅಂಗಿ ಪೇಲವವಾಗಿ ಕಾಣುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅಂಥದನ್ನು ಕೊಳ್ಳಬಾರದು. ಬಣ್ಣ ಹಾಕಿದ ಮೇಲೆ ಅಂಗಿ ಒಣಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ದಿನ ಇಡುತ್ತೇನೆ. ಮರುದಿನ ಮೊದಲು ತಣ್ಣೀರಿನಲ್ಲಿ ಜಾಲಿಸಿ ಸೋಡಾ ತೆಗೆದು, ನಂತರ ಬಿಸಿನೀರಿನಲ್ಲಿ ಒಗೆದು ಬೆಸೆಯದೆ ಉಳಿದ ಬಣ್ಣವನ್ನು ಬಿಡಿಸಬೇಕು. ಈ ಕೊನೆಯ ಒಗೆತದಲ್ಲಿ ಅವಸರ ಮಾಡಿದರೆ, ಕೊಂಡವರ ಮನೆಯ ಬಿಳಿ ಬಟ್ಟೆಗೆಲ್ಲ ನಮ್ಮ ಬಣ್ಣ ಹತ್ತುತ್ತದೆ. ಬಣ್ಣದ ಪುಡಿಯನ್ನು ನೀರಿಗೆ ಕಲಸುವಾಗ ಉಸಿರಾಟಕ್ಕೆ ಮಾಸ್ಕ್ ಕಡ್ಡಾಯ, ಏಕೆಂದರೆ ಆ ಪುಡಿ ಶ್ವಾಸಕೋಶಕ್ಕೆ ಹೋಗಿ ಅಲರ್ಜಿ ಬೆಳೆದರೆ ಮತ್ತೆ ಈ ಕೆಲಸವನ್ನೇ ಬಿಡಬೇಕಾಗಬಹುದು.

ಇಷ್ಟನ್ನು ಯಾರಾದರೂ ಕಲಿಯಬಹುದು. ಸುರುಳಿ ಸುತ್ತಿದ ಏಳು ಬಣ್ಣದ ಅಂಗಿ ಯಾವ ಕಡಲತೀರದ ಅಂಗಡಿಯಲ್ಲೂ ಸಿಗುತ್ತದೆ. ಶೇಕ್‌ಡೌನ್ ಸ್ಟ್ರೀಟಿನಲ್ಲಿ ಒಬ್ಬರು ನಡೆಯುತ್ತಿದ್ದವರು ನಿಂತು, ಅಂಗಿಯನ್ನು ಕೈಗೆತ್ತಿಕೊಂಡು ಮುಗುಳ್ನಗಬೇಕಾದರೆ, ಹಾಡನ್ನು ಬಲ್ಲವರಿಗೆ ಮಾತ್ರ ತಿಳಿಯುವ ಯಾವುದೋ ಒಂದು ಸಂಗತಿ ಅದರಲ್ಲಿ ಇರಬೇಕು ಎಂಬುದು ನನ್ನ ದೃಢವಾದ ನಂಬಿಕೆ. ನಾನು ಅತಿ ಹೆಚ್ಚು ಮಾಡುವ ಅಂಗಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಗ್ರೇಟ್‌ಫುಲ್ ಡೆಡ್ 1977ರಿಂದ ‘ಸ್ಕಾರ್ಲೆಟ್ ಬಿಗೋನಿಯಾಸ್’ (ಕಡುಗೆಂಪು ಬಿಗೋನಿಯಾ ಹೂಗಳು) ಹಾಡನ್ನು ನಿಲ್ಲಿಸದೆಯೇ ‘ಫೈರ್ ಆನ್ ದ ಮೌಂಟನ್’ (ಬೆಟ್ಟದ ಮೇಲಿನ ಬೆಂಕಿ) ಹಾಡಿಗೆ ಹೊರಳಿಸತೊಡಗಿತು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದ ಆ ಹೊರಳುವಿಕೆಯೇ ಅದರ ಸೊಗಸು; ಆ ವರ್ಷದ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನುಡಿಸಿದ್ದನ್ನು ಇಂದಿಗೂ ಜನ ಮತ್ತೆ ಮತ್ತೆ ಕೇಳುತ್ತಾರೆ. ಹೀಗಾಗಿ ನನ್ನ ಅಂಗಿಯಲ್ಲಿ ಒಂದು ಹೆಗಲಿನ ಕಡುಗೆಂಪು, ನಡುವೆ ಎಲ್ಲೂ ಬಿಳಿ ಗೆರೆ ಕಾಣದಂತೆ, ಓರೆಯಾಗಿ ಇಳಿಯುತ್ತ ಬೆಂಕಿಯ ಕಿತ್ತಳೆಗೆ ತಿರುಗುತ್ತದೆ. ಅದರ ಮೇಲೆ ಒಂದು ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ. ಬಲ್ಲವರು ದೂರದಿಂದಲೇ ಎರಡೂ ಹಾಡುಗಳ ಹೆಸರನ್ನು ಒಟ್ಟಿಗೆ ಹೇಳುತ್ತ ಬರುತ್ತಾರೆ.

ಇದನ್ನು ಮಾಡಲು ಸುರುಳಿ ಮಡಿಕೆ ಒಗ್ಗುವುದಿಲ್ಲ. ಅಂಗಿಯನ್ನು ಓರೆಯಾಗಿ ಸೀರೆಯ ನೆರಿಗೆಯ ಹಾಗೆ ಸಣ್ಣ ಸಣ್ಣ ನೆರಿಗೆ ಹಿಡಿದು, ದಾರವನ್ನು ಬಿಗಿಯದೆ ಸಡಿಲವಾಗಿ ಸುತ್ತುತ್ತೇನೆ. ಬಿಗಿದರೆ ದಾರದ ಕೆಳಗೆ ಬಣ್ಣ ಇಳಿಯದೆ ಬಿಳಿ ಗೆರೆ ಉಳಿಯುತ್ತದೆ. ಕೆಂಪನ್ನು ಒಂದೇ ಮೂಲಬಣ್ಣದಿಂದ ಹಾಕುತ್ತೇನೆ, ಕಿತ್ತಳೆಯನ್ನು ಮಾತ್ರ ಕೆಂಪು ಮತ್ತು ಹಳದಿ ಬೆರೆಸಿ ಮಾಡಿಕೊಳ್ಳುತ್ತೇನೆ. ಬೆರಕೆ ಬಣ್ಣ ಹಾಕಿದಾಗ ಕೆಂಪು ಬೇಗನೆ ನೂಲಿಗೆ ಬೆಸೆದು ನಿಲ್ಲುತ್ತದೆ, ಹಳದಿ ಇನ್ನಷ್ಟು ದೂರ ಹರಿಯುತ್ತದೆ. ಬೇರೆ ಅಂಗಿಯಲ್ಲಿ ದೋಷವೆನಿಸುವ ಈ ಒಡಕು ಇಲ್ಲಿ ಜ್ವಾಲೆಯ ತುದಿಯಾಗಿ ಒದಗಿಬರುತ್ತದೆ. ಕೆಂಪೂ ಕಿತ್ತಳೆಯೂ ನೆರೆಯ ಬಣ್ಣಗಳಾದ್ದರಿಂದ ಒಂದರ ಮೇಲೊಂದು ಹರಿದರೂ ಕೆಸರಾಗುವುದಿಲ್ಲ. ನೇರಳೆ ಮತ್ತು ಹಳದಿಯನ್ನು ಹೀಗೆ ಕೂಡಿಸಿದರೆ ಕಂದು ಬಣ್ಣವೇ ಗತಿ.

ತಂಡದ ಗುರುತುಗಳನ್ನು ನಾನು ಅಚ್ಚು ಹಾಕುವುದಿಲ್ಲ. ಮಿಂಚು ಹೊತ್ತ ತಲೆಬುರುಡೆ, ಸಾಲಾಗಿ ಹೆಜ್ಜೆಯಿಡುವ ಕರಡಿಗಳು ನೋಂದಾಯಿತ ಟ್ರೇಡ್‌ಮಾರ್ಕುಗಳು. ಅವನ್ನು ಅನುಮತಿಯಿಲ್ಲದೆ ಬಳಸಿದರೆ ಮಾಲೀಕರು ನ್ಯಾಯಾಲಯದ ಆದೇಶ ಪಡೆದು ಸರಕನ್ನು ಜಪ್ತಿ ಮಾಡಿಸಬಹುದು. ಕಾನೂನಿನ ಮಾತು ಹಾಗಿರಲಿ, ಎಲ್ಲರಿಗೂ ಗೊತ್ತಿರುವ ಗುರುತನ್ನು ನಕಲು ಮಾಡಿದಾಗ ಕೊಳ್ಳುವವರಿಗೆ ಕಂಡುಹಿಡಿಯಲು ಏನೂ ಉಳಿಯುವುದಿಲ್ಲ. ತಂಡದ ಪ್ರಸಿದ್ಧ ಗುರುತಾದ, ಗುಲಾಬಿ ಮುಡಿದ ಅಸ್ಥಿಪಂಜರವೂ ಹಳೆಯದೊಂದರಿಂದ ಹುಟ್ಟಿದ್ದು: ಉಮರ್ ಖಯ್ಯಾಮನ ರುಬಾಯಿಗಳಿಗೆ ಎಡ್ಮಂಡ್ ಸಲಿವನ್ ಬರೆದಿದ್ದ ಚಿತ್ರವನ್ನು ಕಲಾವಿದರಾದ ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅವಲಾನ್ ಬಾಲ್‌ರೂಮ್‌ನ ಪೋಸ್ಟರಿಗೆ ಬಳಸಿಕೊಂಡರು. ಅದೇ ರುಬಾಯಿಗಳನ್ನು ಡಿ.ವಿ.ಜಿ. ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಅಂಗಡಿ ಸಾಲಿನ ಮೇಲೆ ಇನ್ನಷ್ಟು ಸಲುಗೆ ಮೂಡುತ್ತದೆ. ನನ್ನ ಕರವಸ್ತ್ರಗಳ ಮೇಲಿನ ಗುಲಾಬಿಯನ್ನು ನಾನೇ ಬರೆದು, ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಅಚ್ಚೊತ್ತಿದ್ದೇನೆ.

ಇನ್ನು ಕಾಗದಪತ್ರದ ವಿಷಯ. ಎಚ್-1ಬಿ ವೀಸಾದಲ್ಲಿರುವವರು ತಮ್ಮನ್ನು ಕರೆಸಿಕೊಂಡ ಕಂಪನಿಯ ಹೊರಗೆ ಹೀಗೆ ದುಡಿಯುವಂತಿಲ್ಲ; ನಾನು ಗ್ರೀನ್ ಕಾರ್ಡ್ ಬಂದ ನಂತರವೇ ಮಾರಲು ತೊಡಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಮಾರುವವರು ಮೊದಲೇ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಅಧಿಕಾರಪತ್ರ ಪಡೆಯಬೇಕು, ಒಂದೇ ದಿನದ ಅಂಗಡಿಯಾದರೂ ಸರಿ. ಅಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಉಡುಪಿಗೆ ರಾಜ್ಯದ ಶೇಕಡಾ 4ರ ಮಾರಾಟ ತೆರಿಗೆ ಇಲ್ಲ, ಆದರೆ ಪಿನ್ನು ಮತ್ತು ಪೋಸ್ಟರುಗಳಿಗೆ ಉಂಟು. ಪಾರ್ಕಿಂಗ್ ಲಾಟಿನ ಒಡೆಯರ ನಿಯಮ ಊರಿಂದೂರಿಗೆ ಬೇರೆ. ಕೆಲವೆಡೆ ಹಣ ಕಟ್ಟಿ ಜಾಗ ಪಡೆಯಬೇಕು, ಕೆಲವೆಡೆ ಮಾರಾಟವೇ ನಿಷಿದ್ಧ. ನಿಷೇಧವಿರುವಲ್ಲಿ ನಾನು ಅಂಗಡಿ ಹಾಕುವುದಿಲ್ಲ. 1987ರಲ್ಲಿ ‘ಟಚ್ ಆಫ್ ಗ್ರೇ’ ಹಾಡು ಜನಪ್ರಿಯವಾದ ಮೇಲೆ ಟಿಕೆಟ್ ಇಲ್ಲದವರೂ ಹೊರಗಿನ ಗದ್ದಲಕ್ಕಾಗಿಯೇ ಬರತೊಡಗಿ, ಊರಿನವರ ದೂರು ಹೆಚ್ಚಿ, 1989ರಲ್ಲಿ ಗ್ರೇಟ್‌ಫುಲ್ ಡೆಡ್ ತಾನೇ ಮುಂದಾಗಿ ಅಂಗಡಿಯನ್ನೂ ಬಿಡಾರವನ್ನೂ ನಿಷೇಧಿಸಬೇಕಾಯಿತು. ಇಂದಿಗೂ ನಗುವಿನ ಅನಿಲದ (ನಶೆಗಾಗಿ ಸೇದುವ ನೈಟ್ರಸ್ ಆಕ್ಸೈಡ್) ಸಿಲಿಂಡರ್ ತಂದು ಬಲೂನು ತುಂಬಿ ಮಾರುವವರ ದೆಸೆಯಿಂದ ಇಡೀ ಸಾಲನ್ನೇ ಪೊಲೀಸರು ಎಬ್ಬಿಸುವ ಭಯವಿದೆ. ಅವರ ಹತ್ತಿರ ನಾನು ಮೇಜು ಹಾಕುವುದಿಲ್ಲ.

ಮಾರುವ ದಿನ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಅಂಗಿಗಳನ್ನು ಬಿಸಿಲು ಹಿಂದಿನಿಂದ ಬೀಳುವಂತೆ ತೂಗುಹಾಕುತ್ತೇನೆ. ಬಣ್ಣ ನೂಲಿನ ಒಳಗೆ ಇಳಿದಿರುವುದು ಆಗ ಕಣ್ಣಿಗೆ ಕಾಣುತ್ತದೆ. ಬೆಲೆಯನ್ನು ಚೀಟಿಯಲ್ಲಿ ಬರೆದಿಡುತ್ತೇನೆ ಮತ್ತು ಸಂಜೆಯಾಯಿತೆಂದು ಇಳಿಸುವುದಿಲ್ಲ, ಏಕೆಂದರೆ ಮಧ್ಯಾಹ್ನ ಪೂರ್ತಿ ಬೆಲೆ ಕೊಟ್ಟವರು ಅದೇ ಸಾಲಿನಲ್ಲಿ ತಿರುಗುತ್ತಿರುತ್ತಾರೆ. ಹಣದ ಬದಲು ವಸ್ತು ಕೊಡುವವರಿಗೆ ಮಾತ್ರ ಸಂತೋಷದಿಂದ ಒಪ್ಪುತ್ತೇನೆ. ನನ್ನ ಟೋಪಿಯ ಮೇಲಿನ ಪಿನ್ನುಗಳಲ್ಲಿ ಹೆಚ್ಚಿನವು ಅಂಗಿ ಕೊಟ್ಟು ಪಡೆದವು. ಬಾಗಿಲು ತೆರೆದು ಜನ ಒಳಗೆ ಸರಿಯತೊಡಗಿದಾಗ ಉಳಿದದ್ದನ್ನು ಕಾರಿಗೆ ತುಂಬಿ, ಸುತ್ತಲಿನ ಕಸವನ್ನೆಲ್ಲ ಹೆಕ್ಕಿ, ನಾನೂ ಟಿಕೆಟ್ ಹಿಡಿದು ಒಳಗೆ ಹೋಗುತ್ತೇನೆ. ಬೇಕಾದ ಅಳತೆ ಸಿಗದೆ ಹೋದವರ ಬೇಡಿಕೆಯನ್ನೂ, ಅವರು ಬಯಸಿದ ಹಾಡನ್ನೂ ಬರೆದುಕೊಳ್ಳಲು ಒಂದು ಪುಸ್ತಕ ಇಟ್ಟಿದ್ದೇನೆ. ಮುಂದಿನ ವಾರ ಯಾವ ಬಣ್ಣ ಕಲಸಬೇಕೆಂಬುದನ್ನು ಆ ಪುಸ್ತಕ ನೋಡಿಯೇ ತೀರ್ಮಾನಿಸುತ್ತೇನೆ.