ಮಕ್ಕಳ ಪುಸ್ತಕ ಬರೆಯಬೇಕೆ? ಮೊದಲು ದೊಡ್ಡವರನ್ನು ಕಥೆಯಿಂದ ಆಚೆ ಕಳಿಸಿ

ಮಕ್ಕಳಿಗಾಗಿ ಬರೆಯಲು ಹೊರಟವರ ಹಸ್ತಪ್ರತಿಗಳನ್ನು ಓದಿ ಸಲಹೆ ಹೇಳುವುದು ನನ್ನ ಕೆಲಸದ ಒಂದು ಭಾಗ. ಬಹುತೇಕ ಹಸ್ತಪ್ರತಿಗಳಲ್ಲಿ ಭಾಷೆ ಚೆನ್ನಾಗಿರುತ್ತದೆ, ಕಲ್ಪನೆಗೂ ಕೊರತೆಯಿರುವುದಿಲ್ಲ. ಆದರೂ ಅವು ಒಂದೇ ಜಾಗದಲ್ಲಿ ಎಡವುತ್ತವೆ. ಮಗು ಕಷ್ಟಕ್ಕೆ ಸಿಲುಕಿದ ಕೂಡಲೇ ಅಜ್ಜಿಯೋ ಮೇಷ್ಟರೋ ಮಾತನಾಡುವ ಆಮೆಯೋ ಪ್ರತ್ಯಕ್ಷವಾಗಿ, ಬುದ್ಧಿ ಹೇಳಿ, ಗಂಟು ಬಿಡಿಸಿ, ಕಥೆಯನ್ನು ಮುಗಿಸಿಬಿಡುತ್ತಾರೆ. ಯಾರ ಹೆಸರಿನಲ್ಲಿ ಕಥೆ ಶುರುವಾಯಿತೋ ಆ ಮಗು ಸುಮ್ಮನೆ ತಲೆಯಾಡಿಸುತ್ತಾ ನಿಂತಿರುತ್ತದೆ. ಆದ್ದರಿಂದ ಈ ಲೇಖನದ ದೊಡ್ಡ ಪಾಲು ಆ ಒಂದು ಹಂತಕ್ಕೇ ಮೀಸಲು. ಉಳಿದ ಹಂತಗಳು ತಾಳ್ಮೆಯಿದ್ದವರಿಗೆ ದಕ್ಕುತ್ತವೆ.

1. ಓದುವವರ ವಯಸ್ಸು ಗೊತ್ತುಮಾಡಿಕೊಳ್ಳಿ

ಐದರಿಂದ ಹದಿನೈದರವರೆಗಿನ ಎಲ್ಲರಿಗೂ ಎಂದುಕೊಂಡು ಬರೆಯಲು ಕೂರಬೇಡಿ. ಮೂರರಿಂದ ಏಳು ವರ್ಷದವರ ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟಗಳದ್ದು. ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಮಡಚಿ, ಕತ್ತರಿಸುವುದರಿಂದ ಪುಟಗಳು ಎಂಟರ ಅಥವಾ ಹದಿನಾರರ ಲೆಕ್ಕದಲ್ಲಿ ಬರುತ್ತವೆ. ಅದರೊಳಗಿನ ಬರಹ 500 ಪದ ದಾಟಿದರೆ ಭಾರವಾಗತೊಡಗುತ್ತದೆ. ಇಂಗ್ಲಿಷ್ ಪ್ರಕಾಶನದಲ್ಲಿ ಎಂಟರಿಂದ ಹನ್ನೆರಡು ವರ್ಷದವರ ಕಾದಂಬರಿಗೆ ಸುಮಾರು 30ರಿಂದ 50 ಸಾವಿರ ಪದ, ಹದಿಹರೆಯದವರ ಕಾದಂಬರಿಗೆ 50ರಿಂದ 80 ಸಾವಿರ ಪದ ಎಂಬ ಅಂದಾಜಿದೆ. ಈ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಹಿಡಿಯುತ್ತದೆ.

ಇನ್ನೊಂದು ಮಾತು. ಮಕ್ಕಳಿಗೆ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಇಷ್ಟ. ಓದುಗನಿಗೆ ಒಂಬತ್ತಾದರೆ ನಾಯಕಿಗೆ ಹನ್ನೊಂದಿರಲಿ. ಇದನ್ನು ತಿರುವುಮುರುವು ಮಾಡಿದರೆ ಪುಸ್ತಕ ‘ಚಿಕ್ಕವರದ್ದು’ ಎಂಬ ಹಣೆಪಟ್ಟಿ ಹೊತ್ತು ಕಪಾಟಿನಲ್ಲೇ ಉಳಿಯುತ್ತದೆ.

2. ಈಗ ಬರುತ್ತಿರುವುದನ್ನು ಓದಿ

ನೀವು ಚಿಕ್ಕಂದಿನಲ್ಲಿ ಓದಿದ್ದಷ್ಟೇ ಸಾಲದು, ಇತ್ತೀಚಿನ ವರ್ಷಗಳಲ್ಲಿ ಬಂದದ್ದನ್ನೂ ರಾಶಿ ಹಾಕಿಕೊಂಡು ಓದಿ. ನಿಮಗೆ ಇಷ್ಟವಾದ ಒಂದು ಚಿತ್ರಪುಸ್ತಕದ ಮಾತುಗಳನ್ನು ಮಾತ್ರ ಬಿಳಿ ಹಾಳೆಯಲ್ಲಿ ಬರೆದುಕೊಂಡು ನೋಡಿ. ಲೇಖಕರು ಎಷ್ಟನ್ನು ಹೇಳದೆ ಬಿಟ್ಟಿದ್ದಾರೆ ಎಂಬುದು ಆಗ ಕಾಣುತ್ತದೆ.

3. ಮಗುವಿಗೆ ಏನು ಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಿರಿ

‘ಅವನಿಗೆ ಸಂತೋಷ ಬೇಕು’ ಎನ್ನುವುದು ಸಾಲದು. ಕೈಗೆ ಸಿಗುವಂಥದ್ದು, ಗಡುವಿರುವಂಥದ್ದು ಬೇಕು: ನಾಳೆ ಬೆಳಗಿನೊಳಗೆ ಗೆಳೆಯನ ಮುರಿದ ಆಟಿಕೆಯನ್ನು ಸರಿಮಾಡಬೇಕು, ಶನಿವಾರದ ಪಂದ್ಯದ ತಂಡದಲ್ಲಿ ತನ್ನ ಹೆಸರಿರಬೇಕು. ಮಗುವಿನ ಸಮಸ್ಯೆ ದೊಡ್ಡವರಿಗೆ ಚಿಕ್ಕದಾಗಿ ಕಾಣಬಹುದು. ಆಪ್ತ ಗೆಳತಿ ಇವತ್ತು ಬೇರೆಯವರ ಪಕ್ಕ ಕೂತಳು ಎಂಬುದು ಏಳು ವರ್ಷದವಳಿಗೆ ಊಟ ಸೇರದಷ್ಟು ದೊಡ್ಡ ಸಂಗತಿ. ಅದನ್ನು ಅದರ ಪೂರ್ತಿ ಗಾತ್ರದಲ್ಲೇ ನೋಡಲಾರದವರು ಮಕ್ಕಳಿಗೆ ಬರೆಯಲಾರರು.

4. ದೊಡ್ಡವರನ್ನು ಆಚೆ ಕಳಿಸಿ

ಮೊದಲ ಕರಡನ್ನು ಹೇಗೆ ಬರುತ್ತದೋ ಹಾಗೆ ಬರೆದು ಮುಗಿಸಿ, ಕೆಲವು ದಿನ ಪಕ್ಕಕ್ಕಿಡಿ. ಆಮೇಲೆ ಬಣ್ಣದ ಪೆನ್ಸಿಲ್ ಹಿಡಿದು ಕೂತು, ಕಥೆಯೊಳಗಿನ ಮಗು ಕಾಣಲಾರದ, ತಿಳಿಯಲಾರದ, ಯೋಚಿಸಲಾರದ ಪ್ರತಿ ವಾಕ್ಯದ ಕೆಳಗೂ ಗೆರೆ ಎಳೆಯಿರಿ. ಇದನ್ನು ಕಾಗದದ ಮೇಲೆಯೇ ಮಾಡಿ. ಪರದೆಯ ಮೇಲೆ ಕಣ್ಣು ಸಲೀಸಾಗಿ ಜಾರಿಹೋಗುತ್ತದೆ.

ಒಂದು ಉದಾಹರಣೆಯನ್ನೇ ಮಾಡೋಣ. ನನ್ನ ಬಳಿ ಬರುವ ಕರಡುಗಳ ಧಾಟಿ ಸಾಮಾನ್ಯವಾಗಿ ಹೀಗಿರುತ್ತದೆ:

‘ನೀಲಾ ಬಹಳ ಮುದ್ದಾದ, ಚೂಟಿಯಾದ ಹುಡುಗಿ. ಒಂದು ದಿನ ಅವಳು ಗ್ರಂಥಾಲಯದ ಪುಸ್ತಕವನ್ನು ಬಕೆಟ್ಟಿನ ನೀರಿಗೆ ಬೀಳಿಸಿದಳು. ಹೆದರಿಕೆಯಿಂದ ಅದನ್ನು ಬಚ್ಚಿಟ್ಟಳು. ಆದರೆ ಸುಳ್ಳು ಹೆಚ್ಚು ದಿನ ಬಾಳುವುದಿಲ್ಲ, ಅಲ್ಲವೇ? ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನೋಡು ಪುಟ್ಟಿ, ತಪ್ಪಾಗುವುದು ಸಹಜ, ಅದನ್ನು ಮುಚ್ಚಿಡಬಾರದು” ಎಂದು ತಿಳಿಹೇಳಿದಳು. ನೀಲಾಳಿಗೆ ತನ್ನ ತಪ್ಪಿನ ಅರಿವಾಯಿತು.’

ಗೆರೆ ಎಳೆಯುತ್ತಾ ಹೋಗಿ. ನೀಲಾ ಮುದ್ದಾಗಿದ್ದಾಳೆ ಎನ್ನುತ್ತಿರುವುದು ಯಾರು? ಒಂಬತ್ತು ವರ್ಷದ ಹುಡುಗಿಗೆ ತಾನು ಮುದ್ದು ಎಂದು ಅನಿಸುವುದಿಲ್ಲ. ಅವಳನ್ನು ಮೇಲಿನಿಂದ ಬಗ್ಗಿ ನೋಡುತ್ತಿರುವ ದೊಡ್ಡವರ ಕಣ್ಣು ಅದು. ‘ಅಲ್ಲವೇ?’ ಎಂದು ಓದುಗನ ಭುಜ ತಟ್ಟುತ್ತಿರುವವರೂ ದೊಡ್ಡವರೇ. ‘ಹೆದರಿಕೆಯಿಂದ’ ಎಂಬ ಪದ ಹೆದರಿಕೆಯನ್ನು ಹೆಸರಿಸಿ ಮುಗಿಸಿತು. ಓದುವ ಮಗುವಿಗೆ ಹೆದರಲು ಜಾಗವೇ ಸಿಗಲಿಲ್ಲ. ಅಮ್ಮ ಬಂದು ಗಂಟನ್ನು ಬಿಡಿಸಿದಳು. ‘ಅರಿವಾಯಿತು’ ಎಂಬ ಕೊನೆಯ ಸಾಲು ಓದುಗನಿಂದ ನಾವು ವಸೂಲು ಮಾಡುತ್ತಿರುವ ಒಪ್ಪಿಗೆ. ಹೀಗೆ ಇಷ್ಟು ಸಣ್ಣ ಭಾಗದಲ್ಲಿ ದೊಡ್ಡವರು ನಾಲ್ಕು ವೇಷಗಳಲ್ಲಿ ಅಡಗಿದ್ದಾರೆ: ಮುದ್ದು ಮಾಡುವವರು, ವಿವರಿಸುವವರು, ಬಿಡಿಸುವವರು, ತೀರ್ಪು ಕೊಡುವವರು. ಬಹುತೇಕ ಲೇಖಕರು ಮೂರನೆಯವರನ್ನು ಮಾತ್ರ ಹೊರಗೆ ಹಾಕಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಈಗ ಅದೇ ಘಟನೆಯನ್ನು ನೀಲಾಳ ಎತ್ತರದಲ್ಲಿ ನಿಂತು ಬರೆದರೆ:

‘ಬಕೆಟ್ಟಿನಿಂದ ಮೇಲೆತ್ತಿದಾಗ ಪುಸ್ತಕ ಎರಡರಷ್ಟು ದಪ್ಪಗಾಗಿತ್ತು. ನೀಲಾ ಅದನ್ನು ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದಳು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಟವೆಲಿನ ತುದಿ ಕಾಣುತ್ತಿತ್ತು. ವಾಪಸು ಬಂದು ಇನ್ನೂ ಒಳಗೆ ತಳ್ಳಿದಳು. “ಏನಿದು ಒದ್ದೆ ವಾಸನೆ?” ಎಂದು ಅಮ್ಮ ಕೇಳಿದಳು. “ಮಳೆ ಬರಬಹುದು” ಎಂದಳು ನೀಲಾ. ಹೊರಗೆ ಸುಡುಬಿಸಿಲು.’

ಹೆದರಿಕೆ ಎಂಬ ಪದ ಇಲ್ಲಿ ಇಲ್ಲ, ಹೆದರಿಕೆ ಇದೆ. ಅಮ್ಮನೂ ಇದ್ದಾಳೆ, ಆದರೆ ಕೇಳುವಷ್ಟನ್ನೇ ಕೇಳಿ ಸುಮ್ಮನಾಗಿದ್ದಾಳೆ. ಇನ್ನು ಮುಂದೆ ನೀಲಾ ಏನು ಮಾಡುತ್ತಾಳೆ ಎಂಬುದು ಅವಳ ಕೈಯಲ್ಲೇ ಇದೆ. ಪುಸ್ತಕವನ್ನು ಒಣಗಿಸಲು ಹೋಗಿ ಪುಟ ಹರಿಯಬಹುದು. ತಮ್ಮ ನೋಡಿಬಿಟ್ಟು, ಬಾಯಿ ಮುಚ್ಚಿಕೊಂಡಿರಲು ಲಂಚ ಕೇಳಬಹುದು. ಅವಳು ಗ್ರಂಥಾಲಯದ ಬಾಗಿಲವರೆಗೆ ಹೋಗಿ ವಾಪಸು ಬರಬಹುದು. ಪ್ರತಿ ಪ್ರಯತ್ನದಿಂದ ಪರಿಸ್ಥಿತಿ ಒಂದಿಷ್ಟು ಬಿಗಡಾಯಿಸಲಿ. ಕೊನೆಗೆ ಅವಳು ಉಬ್ಬಿದ ಪುಸ್ತಕವನ್ನು ಮೇಜಿನ ಮೇಲಿಟ್ಟು ‘ಇದನ್ನು ನಾನು ಹಾಳುಮಾಡಿದೆ’ ಎಂದರೆ, ಆ ಮಾತು ಅವಳು ನಡೆದುಬಂದ ದಾರಿಯದ್ದು. ಅದಾದ ಮೇಲೆ ಒಂದು ವಾಕ್ಯವೂ ಬೇಡ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. ದೊಡ್ಡವರನ್ನು ಆಚೆ ಕಳಿಸಿ ಎಂದ ಕೂಡಲೇ ಅನೇಕರು ಮಗುವನ್ನು ಅನಾಥವಾಗಿಸುತ್ತಾರೆ, ಇಲ್ಲವೇ ತಂದೆತಾಯಿಯನ್ನು ದೂರದೂರಿಗೆ ಕಳುಹಿಸುತ್ತಾರೆ. ಕಥೆಗೆ ನಿಜವಾಗಿ ಬೇಕಿದ್ದರೆ ಸರಿ. ಬರೀ ಅನುಕೂಲಕ್ಕಾದರೆ ಅದು ಸೋಮಾರಿತನ, ಸಾವನ್ನು ಹತ್ತಿರದಿಂದ ಕಂಡ ಮಗುವಿಗೆ ಮಾಡುವ ಅನ್ಯಾಯ ಕೂಡ. ದೊಡ್ಡವರು ಮನೆಯಲ್ಲೇ ಇರಲಿ. ಅವರಿಗೆ ಕೆಲಸವಿರಲಿ, ಅವರು ತಪ್ಪಾಗಿ ಅರ್ಥಮಾಡಿಕೊಳ್ಳಲಿ, ಪ್ರೀತಿಯಿಂದಲೇ ಉಪಯೋಗಕ್ಕೆ ಬಾರದ ಸಲಹೆ ಕೊಡಲಿ. ಮಗು ತಾನೇ ನಿರ್ಧರಿಸಿ ಸಹಾಯ ಕೇಳಿದರೆ ದೊಡ್ಡವರು ಧಾರಾಳವಾಗಿ ಸಹಾಯ ಮಾಡಬಹುದು. ಕೇಳುವುದೂ ಮಗುವಿನ ನಡೆಯೇ. ಮನುಷ್ಯರ ಬದಲು ಮೊಲ, ಕರಡಿಗಳನ್ನು ಇಟ್ಟ ಮಾತ್ರಕ್ಕೆ ಬಿಡುಗಡೆಯಿಲ್ಲ. ಉಪದೇಶ ಮಾಡುವ ಗೂಬೆಯೂ ಗರಿ ಹೊದ್ದ ಮೇಷ್ಟರೇ.

‘ನೀತಿ ಇಲ್ಲದಿದ್ದರೆ ಪೋಷಕರು ಪುಸ್ತಕ ಕೊಳ್ಳುವುದಿಲ್ಲ’ ಎಂಬ ವಾದವನ್ನು ಮತ್ತೆ ಮತ್ತೆ ಕೇಳುತ್ತೇನೆ. ಕೊಳ್ಳುವವರು ದೊಡ್ಡವರು ಎಂಬುದು ನಿಜ. ಆದರೆ ‘ಇನ್ನೊಮ್ಮೆ ಓದು’ ಎಂದು ಹಟ ಹಿಡಿಯುವುದು ಮಗು. ಕಥೆಗೆ ಅರ್ಥ ಇರಬಾರದು ಎಂದು ಯಾರೂ ಹೇಳುತ್ತಿಲ್ಲ. ಅದು ಘಟನೆಗಳ ಪರಿಣಾಮದಲ್ಲಿರಲಿ, ಕೊನೆಯ ಪ್ಯಾರಾದಲ್ಲಿ ಬೇಡ. ನನ್ನ ಖಚಿತ ಸಲಹೆ: ಕರಡು ಮುಗಿದ ಮೇಲೆ ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ. ಕಥೆ ಆಗಲೇ ಮುಗಿದಿದ್ದರೆ ಅದನ್ನು ಕಿತ್ತುಹಾಕಿ.

ಕೆಲವು ಸಾಲುಗಳ ಸೂಚನೆ ಕೊಟ್ಟರೆ ಕ್ಷಣದಲ್ಲಿ ಮಕ್ಕಳ ಕಥೆ ಹೊಸೆದುಕೊಡುವ ತಂತ್ರಾಂಶಗಳು ಈಗ ಬೇಕಾದಷ್ಟಿವೆ. ಅವುಗಳಿಂದ ಬಂದ ಕಥೆಗಳನ್ನು ನೋಡಿದ್ದೇನೆ. ಮೇಲೆ ಹೇಳಿದ ನಾಲ್ಕೂ ವೇಷಗಳು ಅಲ್ಲಿ ಸಾಲಾಗಿ ನಿಂತಿದ್ದವು. ಕಲಿಯುವ ಹಂತದಲ್ಲಿ ಅವುಗಳ ಹತ್ತಿರ ಹೋಗಬೇಡಿ. ಕೈ ಪಳಗಬೇಕಾದ ಕೆಲಸವನ್ನೇ ಅವು ತಪ್ಪಿಸುತ್ತವೆ.

ಹದಿಹರೆಯದವರಿಗೆ ಬರೆಯುವಾಗ ದೊಡ್ಡವರು ಬೇರೆ ವೇಷದಲ್ಲಿ ನುಸುಳುತ್ತಾರೆ, ಹಳೆಯ ನೆನಪಾಗಿ. ‘ಆ ದಿನಗಳು ಮತ್ತೆ ಬರಲಾರವು ಎಂದು ಆಗ ನನಗೆ ತಿಳಿದಿರಲಿಲ್ಲ’ ಎಂಬ ಸಾಲು ಬಂದ ಕೂಡಲೇ ಮಾತನಾಡುತ್ತಿರುವವರಿಗೆ ನಲವತ್ತು ದಾಟಿದೆ ಎಂದು ಓದುಗನಿಗೆ ಗೊತ್ತಾಗುತ್ತದೆ. ಹದಿನಾರರ ಪಾತ್ರಕ್ಕೆ ಮುಂದಿನ ವರ್ಷ ಕಾಣುವುದಿಲ್ಲ, ಇವತ್ತು ಸಂಜೆ ಮಾತ್ರ ಕಾಣುತ್ತದೆ. ಮೊದಲ ಪ್ರೀತಿ, ಮೊದಲ ದ್ರೋಹ, ಮನೆಯವರ ಮಾತು ತಪ್ಪು ಎಂದು ಮೊದಲ ಸಲ ಅನ್ನಿಸಿದ್ದು, ಇವುಗಳಿಗೆ ಹೋಲಿಸಿ ನೋಡಲು ಅವರ ಬಳಿ ಹಿಂದಿನ ಅನುಭವವಿಲ್ಲ. ಆ ಬಿಸಿಯನ್ನು ತಣಿಸಬೇಡಿ. ಅವರ ಇವತ್ತಿನ ಆಡುನುಡಿಯನ್ನು ಕೃತಿಯ ತುಂಬ ತುರುಕುವುದೂ ಬೇಡ, ಪುಸ್ತಕ ಅಚ್ಚಾಗುವ ಹೊತ್ತಿಗೆ ಅದು ಹಳತಾಗಿರುತ್ತದೆ. ಮಾತಿನ ವೇಗ, ತಡವರಿಕೆ, ಅರ್ಧಕ್ಕೆ ನಿಲ್ಲಿಸುವ ವಾಕ್ಯಗಳನ್ನು ಹಿಡಿಯಿರಿ.

ಸಾವು, ಹಿಂಸೆ, ಖಿನ್ನತೆ ಯಾವುದೂ ಅವರಿಗೆ ನಿಷಿದ್ಧ ವಿಷಯವಲ್ಲ. ಒಂದು ಗೆರೆಯನ್ನು ಮಾತ್ರ ದಾಟಬೇಡಿ. ಆತ್ಮಹತ್ಯೆ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ವಿಧಾನದ ವಿವರಗಳನ್ನು ಎಂದಿಗೂ ಬರೆಯಬೇಡಿ, ಸಾವನ್ನು ಪರಿಹಾರವೆಂಬಂತೆ ತೋರಿಸಬೇಡಿ. ಎಲ್ಲವೂ ಸುಖಾಂತವಾಗಬೇಕಿಲ್ಲ. ಆದರೆ ಪಾತ್ರಕ್ಕೆ ಮುಂದಿನ ಒಂದು ಹೆಜ್ಜೆ ಇಡಲು ನೆಲ ಇರಬೇಕು, ನೆರವು ಕೇಳಲು ಒಬ್ಬರಾದರೂ ಇರಬೇಕು.

5. ಯಾರು ಓದುತ್ತಾರೆ ಎಂದು ನೋಡಿ ಪದ ಆರಿಸಿ

ಚಿತ್ರಪುಸ್ತಕವನ್ನು ದೊಡ್ಡವರು ಓದುತ್ತಾರೆ, ಮಗು ಕೇಳುತ್ತದೆ. ಅಲ್ಲಿ ಕಷ್ಟದ ಪದಕ್ಕೆ ಹೆದರಬೇಕಿಲ್ಲ. ಸಂದರ್ಭ ಸ್ಪಷ್ಟವಿದ್ದರೆ ಮಗು ಹೊಸ ಪದವನ್ನು ಸಂತೋಷದಿಂದ ಎತ್ತಿಕೊಳ್ಳುತ್ತದೆ. ಆರು, ಏಳರ ವಯಸ್ಸಿನಲ್ಲಿ ತಾನೇ ಅಕ್ಷರ ಕೂಡಿಸಿ ಓದುವ ಮಗುವಿನ ಮಾತು ಬೇರೆ. ಕನ್ನಡದಲ್ಲಿ ಒತ್ತಕ್ಷರಗಳು ಕಲಿಕೆಯಲ್ಲಿ ಕೊನೆಗೆ ಬರುತ್ತವೆ. ಆ ಮಗುವಿಗೆ ‘ಪ್ರಯತ್ನಿಸಿದನು’ ಎನ್ನುವುದಕ್ಕಿಂತ ‘ಮಾಡಿ ನೋಡಿದನು’ ಎಂದರೆ ಓದು ಮುಗ್ಗರಿಸುವುದಿಲ್ಲ. ದಡಬಡ, ಪಟಪಟ, ಗುಡುಗುಡು ಎಂಬ ಅನುಕರಣಾವ್ಯಯಗಳು ಸದ್ದು ಮಾಡುತ್ತವೆ, ಒತ್ತೂ ಇಲ್ಲ. ಧಾರಾಳವಾಗಿ ಬಳಸಿ. ಆಶ್ಚರ್ಯಚಿಹ್ನೆಗಳನ್ನು ಅಳಿಸಿ. ಪ್ರಾಸಕ್ಕಾಗಿ ಕಥೆಯನ್ನು ತಿರುಚುವಂತಿದ್ದರೆ ಗದ್ಯದಲ್ಲೇ ಬರೆಯಿರಿ.

6. ಚಿತ್ರಪುಸ್ತಕವಾದರೆ ಡಮ್ಮಿ ಮಾಡಿ

ಡಮ್ಮಿ ಎಂದರೆ ಕೈಯಿಂದ ಮಾಡಿಕೊಳ್ಳುವ ಮಾದರಿ ಪುಸ್ತಕ. ಎಂಟು ಹಾಳೆಗಳನ್ನು ಒಟ್ಟಿಗೆ ಅರ್ಧಕ್ಕೆ ಮಡಚಿದರೆ 32 ಪುಟ. ಶೀರ್ಷಿಕೆ, ಪ್ರಕಾಶನದ ವಿವರಗಳಿಗೆ ಮೊದಲ ಕೆಲವು ಪುಟ ಬಿಟ್ಟರೆ ಕಥೆಗೆ ಹನ್ನೆರಡರಿಂದ ಹದಿನಾಲ್ಕು ಜೋಡಿಪುಟ ಉಳಿಯುತ್ತವೆ. ನಿಮ್ಮ ಮಾತುಗಳನ್ನು ಕತ್ತರಿಸಿ ಅಂಟಿಸಿ. ಪ್ರಶ್ನೆ ಬಲಪುಟದ ಕೊನೆಯಲ್ಲಿರಲಿ, ಉತ್ತರ ಪುಟ ತಿರುಗಿಸಿದ ಮೇಲೆ ಸಿಗಲಿ. ಬಾಗಿಲು ಬಡಿದ ಸದ್ದೂ ಬಾಗಿಲ ಹಿಂದಿದ್ದವರೂ ಒಂದೇ ಪುಟದಲ್ಲಿದ್ದರೆ ಮಗುವಿನ ಬೆರಳಿಗೆ ಕೆಲಸವೇ ಇಲ್ಲ. ಚಿತ್ರದಲ್ಲಿ ಕಾಣುವುದನ್ನು ಬರೆಯಬೇಡಿ. ಅವಳ ಅಂಗಿ ಕೆಂಪು ಎಂದು ಹೇಳುವುದು ಕಲಾವಿದರ ಕೆಲಸ. ಹೆಚ್ಚಿನ ಪ್ರಕಾಶಕರು ಕಲಾವಿದರನ್ನು ತಾವೇ ಆರಿಸುತ್ತಾರೆ, ಆದ್ದರಿಂದ ಮೊದಲೇ ಹಣ ಕೊಟ್ಟು ಚಿತ್ರ ಬರೆಸಬೇಡಿ.

7. ಬೇರೆಯವರಿಂದ ಓದಿಸಿ, ನೀವು ಹಿಂದೆ ಕೂರಿ

ನಿಮ್ಮ ಮನೆಯ ಮಕ್ಕಳು ನೀವು ಓದಿದ್ದೆಲ್ಲವನ್ನೂ ಮೆಚ್ಚುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಸ್ತಪ್ರತಿಯನ್ನು ಹಿಂದೆ ನೋಡಿರದ ಒಬ್ಬರಿಂದ ಪರಿಚಯವಿಲ್ಲದ ಮಕ್ಕಳಿಗೆ ಓದಿಸಿ. ಓದುವವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ವಾಕ್ಯ ಕೆಟ್ಟಿದೆ. ಮಕ್ಕಳು ಎಲ್ಲಿ ಕಾಲಾಡಿಸಲು, ಕಿಟಕಿ ನೋಡಲು ಶುರುಮಾಡುತ್ತಾರೋ ಅಲ್ಲಿ ಕಥೆ ನಿಂತಿದೆ. ಚೆನ್ನಾಗಿತ್ತೇ ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತಾರೆ. ನಡುವೆ ನಿಲ್ಲಿಸಿ, ಮುಂದೇನಾಗುತ್ತದೆ ಎಂದು ಕೇಳಿ. ಊಹಿಸಲು ಮುಗಿಬಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

8. ಕಳುಹಿಸಿ

ಪ್ರಕಾಶಕರ ಸೂಚನೆಗಳನ್ನು ಓದಿ, ಅವರು ಕೇಳಿದ ರೂಪದಲ್ಲೇ ಕಳುಹಿಸಿ. ಅಚ್ಚು ಹಾಕಲು ನಿಮ್ಮಿಂದಲೇ ದುಡ್ಡು ಕೇಳುವವರ ಕರಾರನ್ನು ಅಕ್ಷರ ಅಕ್ಷರವಾಗಿ ಓದದೆ ಸಹಿ ಮಾಡಬೇಡಿ. ಹಕ್ಕುಸ್ವಾಮ್ಯ ಯಾರದು, ಎಷ್ಟು ವರ್ಷಕ್ಕೆ, ಮಾರಾಟ ಯಾರ ಹೊಣೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಜೊತೆಗಿಡುವ ಪತ್ರದಲ್ಲಿ ಓದುಗರ ವಯಸ್ಸು, ಪದಗಳ ಸಂಖ್ಯೆ, ಎರಡು ಸಾಲಿನಲ್ಲಿ ಕಥೆ, ಇಷ್ಟು ಸಾಕು. ‘ಈ ಪುಸ್ತಕ ಮಕ್ಕಳಿಗೆ ಇಂಥದ್ದನ್ನು ಕಲಿಸುತ್ತದೆ’ ಎಂಬ ವಾಕ್ಯ ಆ ಪತ್ರದಲ್ಲೂ ಬೇಡ. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಮುಂದಿನ ಕಥೆಯ ಮೂರನೇ ಹಂತಕ್ಕೆ ಕೂತುಬಿಡಿ.