ಕುಂಬಾರ ಕಪ್ಪೆಯ ನೆಲೆಯನ್ನು ಮಣ್ಣಿನಿಂದ ಹುಡುಕಿದೆ

ಸಿದ್ದಾಪುರ, ಶಿರಸಿ ಸೀಮೆಯಲ್ಲಿ ಕುಂಬಾರ ಕಪ್ಪೆ ಯಾವ ಯಾವ ಹಳ್ಳಗಳಲ್ಲಿದೆ ಎಂಬುದನ್ನು ಒಂದೂ ಕಪ್ಪೆಯನ್ನು ಹಿಡಿಯದೆ ಗುರುತಿಸುತ್ತೇನೆ ಎಂದಾಗ ಜೊತೆಯವರು ನಕ್ಕಿದ್ದರು. ಮೂರು ಮಳೆಗಾಲ ಕಳೆದಿವೆ. ಈಗ ನಾನು ಗುರುತಿಸಿದ ಹಳ್ಳಗಳ ನಕ್ಷೆಯ ಪ್ರತಿ ಕೇಳುತ್ತಿರುವವರೂ ಅವರೇ.

ಮೊದಲ ವರ್ಷ ಕೂಗನ್ನೇ ನಂಬಿದೆ. ಮಡಕೆ ತಟ್ಟಿದಂತಹ 'ಟೊಕ್ ಟೊಕ್' ದನಿಯನ್ನು ಹಿಡಿಯಲು ಸುಮಾರು ಹನ್ನೊಂದು ಸಾವಿರ ರೂಪಾಯಿಯ ರೆಕಾರ್ಡರ್ ತಂದು ದಂಡೆಯ ಮರಕ್ಕೆ ಕಟ್ಟಿದ್ದೆ. ನಾಲ್ಕನೆಯ ರಾತ್ರಿ ಡಬ್ಬಿಯೊಳಗೆ ನೀರು ನುಗ್ಗಿ ಅದು ಸತ್ತಿತು. ಉಳಿದ ಧ್ವನಿಯಲ್ಲಿ ಅರ್ಧದಷ್ಟು ತೋಟದಂಚಿನ ಅಡಿಕೆ ಹಾಳೆಯ ಮೇಲೆ ತೊಟ್ಟಿಕ್ಕುವ ನೀರಿನದು ಎಂದು ತಿಳಿಯಲು ತಿಂಗಳೇ ಹಿಡಿಯಿತು. ಎರಡನೆಯ ವರ್ಷ ಉಂಬಳಗಳಿಗೆ ರಕ್ತ ಕೊಟ್ಟು ತೆಗೆದ ನಾನೂರು ಚಿತ್ರಗಳೂ ವ್ಯರ್ಥವಾದವು. ವಜ್ರದಾಕಾರದ ಕಣ್ಣಪಾಪೆ, ಸುಕ್ಕು ಚರ್ಮ ಇವೆಲ್ಲ ನಿಕ್ಟಿಬ್ಯಾಟ್ರಾಕಸ್ ಎಂಬ ಇರುಳುಗಪ್ಪೆಗಳ ಕುಲದವರೆಗೆ ಕರೆದೊಯ್ಯುತ್ತವೆಯೇ ಹೊರತು ಪ್ರಭೇದದವರೆಗೆ ಅಲ್ಲ.

2014ರಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಈ ಪ್ರಭೇದವನ್ನು ವರ್ಣಿಸಿದಾಗಲೇ ಉತ್ತರ ಅಲ್ಲಿತ್ತು. ನೀರಿನ ಮೇಲೆ ಚಾಚಿದ ಕಡ್ಡಿ, ಬೇರುಗಳಲ್ಲಿ ಮೊಟ್ಟೆ ಇಟ್ಟ ಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು ಅವಕ್ಕೆ ಮಣ್ಣು ಮೆತ್ತುತ್ತದೆ; ಹೆಸರು ಬಂದದ್ದೂ ಅದರಿಂದಲೇ. ಮಣ್ಣು ಮೆತ್ತಿದ ಮೊಟ್ಟೆಯ ಗುಪ್ಪೆ ಹಗಲಿನಲ್ಲಿಯೂ ಕಾಣುವುದರಿಂದ ಮೂರನೆಯ ವರ್ಷ ಕಪ್ಪೆಯನ್ನು ಬಿಟ್ಟು ಮಣ್ಣನ್ನು ಹುಡುಕಿದೆ. ಖರ್ಚಾದದ್ದು ಪೆಟ್ರೋಲು ಮತ್ತು ಒಂದು ಟಾರ್ಚು, ಎರಡು ಸಾವಿರದೊಳಗೆ. ನಲವತ್ತೈದು ಹಳ್ಳಗಳಲ್ಲಿ ಹದಿನೇಳೋ ಹದಿನೆಂಟೋ ಕಡೆ ಗುಪ್ಪೆ ಸಿಕ್ಕಿತು. ಹೆಚ್ಚಿನವು ಮರಗಳ ನೆರಳಿನ ಕಿರುಹಳ್ಳಗಳು, ಮೇಲೆ ಬಿಸಿಲು ಬಿದ್ದ ಕಡೆ ಒಂದೂ ಇಲ್ಲ. ಯಾವ ಬೇರಿನ ಕೆಳಗೆ ಮೊದಲು ಇಣುಕುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳಲಾರೆ. ಕ್ಯಾಮೆರಾ ಹಿಡಿದವರು ಒಂದು ಹಳ್ಳದ ದಂಡೆಯನ್ನು ಆಗಲೇ ತುಳಿದು ಹಾಳುಗೆಡವಿದ್ದಾರೆ.

ನಡುವೆ ಅಡಿಕೆ ದಬ್ಬೆಗಳನ್ನು ನೀರಿನ ಮೇಲೆ ಚಾಚಿ, ಅಲ್ಲಿ ಮೊಟ್ಟೆ ಇಡುತ್ತವೆಯೇ ಎಂದು ಕಾದು ನೋಡಿದೆ. ಆರು ವಾರದಲ್ಲಿ ಒಂದು ಏಡಿ ಬಂದು ಕುಳಿತದ್ದೇ ಬಂತು. ಒಡಕು ಮಡಕೆಯನ್ನು ಮೆಲ್ಲಗೆ ತಟ್ಟಿದಾಗ ಎರಡು ರಾತ್ರಿ ಮರುದನಿ ಬಂದದ್ದು ನಿಜ, ಮೂರನೆಯ ರಾತ್ರಿ ಏನೂ ಬರಲಿಲ್ಲ.

ದೊಡ್ಡ ಮಳೆಯ ಮರುದಿನ ಈ ಕೆಲಸಕ್ಕೆ ಹೋಗಬಾರದು. ನೆರೆ ಮಣ್ಣನ್ನು ತೊಳೆದಿರುತ್ತದೆ; ಹೀಗಾಗಿಯೇ ನಾನು 'ಇಲ್ಲ' ಎಂದು ಬರೆದಿದ್ದ ಮೂರು ಹಳ್ಳಗಳನ್ನು ಆಮೇಲೆ ತಿದ್ದಬೇಕಾಯಿತು.