ಸುತ್ತಿಗೆಗೆ ಮೊದಲು ವಾಲ್ವ್

ನಲ್ಲಿ ರಿಪೇರಿಗೆ ಕರೆಯುವವರಲ್ಲಿ ಹೆಚ್ಚಿನವರು ರೋಗದ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ. ಗೋಡೆಯೊಳಗೆ ಪೈಪ್ ಒಡೆದಿದೆ, ಸೋಲಾರ್ ಕೆಟ್ಟಿದೆ, ಮೋಟಾರ್ ಸಾಲುತ್ತಿಲ್ಲ, ಹೀಗೆ. ನಾನು ಹೂಂ ಎಂದು ಕೇಳಿಸಿಕೊಂಡು ಮೊದಲು ತಾರಸಿಗೆ ಹೋಗುತ್ತೇನೆ. ಬೆಂಗಳೂರಿನ ಮನೆಗಳಲ್ಲಿ ಕಾವೇರಿ ನೀರು ಬೀದಿಯಿಂದ ಮೀಟರ್ ದಾಟಿ ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ ಬೀಳುತ್ತದೆ, ಸಂಪಿನಿಂದ ಮೋಟಾರ್ ಅದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ, ಅಲ್ಲಿಂದ ನಲ್ಲಿಗಳಿಗೆ ಇಳಿಯುವುದು ತನ್ನ ಭಾರದಿಂದಲೇ. ಟ್ಯಾಂಕಿನಿಂದ ಎಷ್ಟು ಲೈನ್ ಹೊರಟಿವೆ, ಯಾವುದು ಎಲ್ಲಿಗೆ ಹೋಗುತ್ತದೆ, ಯಾವುದಕ್ಕೆ ವಾಲ್ವ್ ಇದೆ, ಏರ್ ಪೈಪ್ ನಿಲ್ಲಿಸಿದ್ದಾರೋ ಇಲ್ಲವೋ, ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಉಳಿ, ಸುತ್ತಿಗೆ ಚೀಲದ ತಳದಲ್ಲೇ ಇರುತ್ತವೆ.

ನೀರು ಎಲ್ಲೋ ಸೋರುತ್ತಿದೆ ಎಂಬ ಅನುಮಾನಕ್ಕೆ ಮೀಟರ್ ನೋಡಿ ಉಪಯೋಗವಿಲ್ಲ. ಅದು ಲೆಕ್ಕ ಹಾಕುವುದು ಸಂಪಿಗೆ ಬಿದ್ದ ನೀರನ್ನು. ಸಂಪಿನಿಂದಾಚೆ ಏನಾಗುತ್ತಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಟ್ಯಾಂಕಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿಸುತ್ತೇನೆ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಬೇಕು. ಟ್ಯಾಂಕಿನ ವ್ಯಾಸ ಸುಮಾರು 1 ಮೀಟರ್ ಇದ್ದರೆ, ಮಟ್ಟ 1 ಸೆಂಟಿಮೀಟರ್ ಇಳಿಯಿತೆಂದರೆ ಸುಮಾರು 8 ಲೀಟರ್ ಹೋಗಿದೆ ಎಂದರ್ಥ. ಮರುರಾತ್ರಿ ಬಾತ್‌ರೂಮಿನ ವಾಲ್ವ್ ಮುಚ್ಚಿ, ಅದರ ಮರುರಾತ್ರಿ ಅಡುಗೆಮನೆಯದನ್ನು ಮುಚ್ಚಿ ನೋಡಿದರೆ ಯಾವ ಲೈನ್ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಎಷ್ಟೋ ಸಲ ಕಳ್ಳ ಸಿಕ್ಕುವುದು ಫ್ಲಶ್ ಟ್ಯಾಂಕಿನಲ್ಲಿ. ಅದರ ತಳದ ವಾಷರ್ ಸವೆದರೆ ನೀರು ಸದ್ದಿಲ್ಲದೆ ಕಮೋಡಿನ ಹಿಂಬದಿಯಿಂದ ಇಳಿಯುತ್ತಲೇ ಇರುತ್ತದೆ. ಬಿಳಿ ಪಿಂಗಾಣಿಯ ಮೇಲೆ ಅದು ಕಾಣುವುದೂ ಇಲ್ಲ. ಬಟ್ಟೆಗೆ ಹಾಕುವ ನೀಲಿಯ ಕೆಲವು ಹನಿಗಳನ್ನು ಫ್ಲಶ್ ಟ್ಯಾಂಕಿಗೆ ಬಿಟ್ಟು ಕಾಲು ಗಂಟೆ ಕಾಯುತ್ತೇನೆ. ಫ್ಲಶ್ ಮಾಡದೆಯೇ ಕಮೋಡಿನ ನೀರು ನೀಲಿಯಾದರೆ ವಾಷರ್ ಬದಲಿಸಿ ಮನೆಗೆ ಹೋಗಬಹುದು.

ಗೋಡೆಯ ತೇವದ್ದು ಇದಕ್ಕಿಂತ ಮೋಸದ ವ್ಯವಹಾರ. ಕಲೆ ಕಾಣಿಸಿಕೊಂಡ ಜಾಗದಲ್ಲೇ ಪೈಪ್ ಒಡೆದಿರಬೇಕೆಂದೇನಿಲ್ಲ, ನೀರು ಗಾರೆಯೊಳಗೆ ತನಗೆ ಸುಲಭವಾದ ದಾರಿ ಹಿಡಿದು ಎಲ್ಲೋ ಹೊರಬರುತ್ತದೆ. ಮೊದಲು ವಿಚಾರಿಸಿಕೊಳ್ಳಬೇಕಾದ್ದು, ತೇವ ಹಗಲು ರಾತ್ರಿ ಒಂದೇ ಸಮ ಇದೆಯೇ, ಸ್ನಾನವಾದ ಮೇಲಷ್ಟೇ ಹೆಚ್ಚುತ್ತದೆಯೇ ಎಂಬುದನ್ನು. ಒಂದೇ ಸಮ ಇದ್ದರೆ ಒತ್ತಡವಿರುವ ನೀರಿನ ಪೈಪು. ಸ್ನಾನದ ನಂತರವಾದರೆ ಹೊರಹೋಗುವ ನೀರು, ಅಂದರೆ ಬಾತ್‌ರೂಮಿನ ನೆಲದಲ್ಲಿ ನೀರು ಹೊರಹೋಗುವ ನಹಾನಿ ಟ್ರಾಪಿನ ಸುತ್ತಲಿನ ಸಂದು ಅಥವಾ ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್. ಟ್ರಾಪಿನ ಬಾಯಿಗೆ ಬಟ್ಟೆ ಬಿಗಿದು, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ, ಗುರುತು ಹಾಕಿ ಬಿಟ್ಟರೆ ಉತ್ತರ ಸಿಗುತ್ತದೆ. ಈ ಪರೀಕ್ಷೆಗೆ ಖರ್ಚಾಗುವುದು ಕೆಲವು ಬಕೆಟ್ ನೀರು. ಇದನ್ನು ಮಾಡದೆ ಟೈಲ್ಸ್ ಒಡೆದವರ ಮನೆಗಳಲ್ಲಿ ನಾನು ನೋಡಿದ್ದೇನೆ, ಒಳಗೆ ಪೈಪು ಒಣಗಿಕೊಂಡು ಹಾಯಾಗಿರುತ್ತದೆ, ಹಳೆಯ ಟೈಲ್ಸಿನ ಬಣ್ಣ ಮಾತ್ರ ಊರೆಲ್ಲಾ ಹುಡುಕಿದರೂ ಸಿಗುವುದಿಲ್ಲ.

ನನಗೆ ಅತ್ಯಂತ ಇಷ್ಟವಾದ ಕೆಲಸವೆಂದರೆ ಸೋಲಾರ್ ಬಿಸಿನೀರಿನ ದೂರು. ಜಯನಗರದ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗೆ ಬರುತ್ತದೆ. ಗಾಜಿನ ಕೊಳವೆಗಳನ್ನು ತೊಳೆಸಿ ಆಗಿತ್ತು. ಹೊಸ ಸೋಲಾರ್ ಹಾಕಿಸಿ ಎಂದು ಒಬ್ಬರು ಹೇಳಿ ಹೋಗಿದ್ದರು. ನಾನು ತಾರಸಿಗೆ ಹೋಗಿ ಸೋಲಾರ್ ಟ್ಯಾಂಕಿನಿಂದ ಹೊರಡುವ ಪೈಪಿನ ಮೇಲೆ ಕೈಯಿಟ್ಟೆ, ಸರಕ್ಕನೆ ಹಿಂದಕ್ಕೆ ಎಳೆದುಕೊಳ್ಳುವಷ್ಟು ಕಾದಿತ್ತು. ಮೇಲೆ ನೀರು ಬಿಸಿಯಾಗಿಯೇ ಇದೆ, ಕೆಳಗೆ ಬರುವಷ್ಟರಲ್ಲಿ ಎಲ್ಲೋ ತಣ್ಣೀರು ಸೇರಿಕೊಳ್ಳುತ್ತಿದೆ.

ಇದನ್ನು ಖಚಿತ ಮಾಡಿಕೊಳ್ಳುವುದು ಹೀಗೆ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವನ್ನು ಪೂರ್ತಿ ಮುಚ್ಚಿ, ಕೆಳಗೆ ಒಂದು ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಬೇಕು. ಟ್ಯಾಂಕಿಗೆ ನೀರು ಹೋಗುತ್ತಿಲ್ಲವಾದ್ದರಿಂದ ಸ್ವಲ್ಪ ಹೊತ್ತಿನಲ್ಲಿ ಧಾರೆ ಸಣ್ಣದಾಗಿ ನಿಂತುಹೋಗಬೇಕು. ಅಲ್ಲಿ ನಿಲ್ಲಲಿಲ್ಲ. ಬಿಸಿಲೈನಿನಿಂದ ತಣ್ಣೀರು ಧಾರಾಳವಾಗಿ ಸುರಿಯುತ್ತಲೇ ಇತ್ತು. ಅಂದರೆ ಮನೆಯ ಯಾವುದೋ ಮಿಕ್ಸರಿನಲ್ಲಿ, ಬಿಸಿನೀರು ತಣ್ಣೀರು ಬೆರೆಸಿ ಕೊಡುವ ನಲ್ಲಿಯಲ್ಲಿ, ಎರಡು ಲೈನುಗಳೂ ಒಂದಾಗಿವೆ. ನಂತರ ವಾಷ್ ಬೇಸಿನ್, ಸಿಂಕು ಎಂದು ಒಂದೊಂದಾಗಿ ಅವುಗಳ ಕೆಳಗಿನ ಸಣ್ಣ ವಾಲ್ವನ್ನು, ಅಂದರೆ ಆ್ಯಂಗಲ್ ಕಾಕನ್ನು ಮುಚ್ಚುತ್ತಾ ಬಂದೆ. ಮೊದಲ ಮಹಡಿಯ ಬಾತ್‌ರೂಮಿನಲ್ಲಿ ಕೈಯಲ್ಲಿ ಹಿಡಿಯುವ ಷವರ್ ಒಂದು ಕೊಕ್ಕೆಗೆ ತೂಗಿತ್ತು. ಅದರ ಹಿಡಿಕೆಯಲ್ಲೇ ನೀರು ನಿಲ್ಲಿಸುವ ಗುಂಡಿ ಇತ್ತು. ಮನೆಯ ಹುಡುಗ ಸ್ನಾನ ಮುಗಿಸಿ ಆ ಗುಂಡಿಯಲ್ಲಿ ನೀರು ನಿಲ್ಲಿಸುತ್ತಿದ್ದ, ಗೋಡೆಯ ಮಿಕ್ಸರಿನ ಎರಡು ಹಿಡಿಗಳನ್ನೂ ತೆರೆದೇ ಬಿಡುತ್ತಿದ್ದ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಒಳಗೆ ಮಾತ್ರ ತಣ್ಣೀರಿಗೆ ಬಿಸಿಲೈನಿಗೆ ನುಗ್ಗಲು ಹೆದ್ದಾರಿ. ಎರಡು ಹಿಡಿ ತಿರುಗಿಸಿದೆ, ಸೋಲಾರ್ ವಾಲ್ವ್ ತೆರೆದು ಬಂದೆ, ಸ್ವಲ್ಪ ಹೊತ್ತಿಗೆಲ್ಲ ಅಡುಗೆಮನೆಯ ನಲ್ಲಿಯಲ್ಲಿ ಆವಿಯಾಡುವ ನೀರು ಬಂತು.

‘ಇಷ್ಟೇನಾ?’ ಎಂದರು ಯಜಮಾನರು. ಹೌದು ಸಾರ್, ಇಷ್ಟೇ ಎಂದೆ. ಸಾಮಾನು ಏನೂ ಹಾಕಲಿಲ್ಲವಲ್ಲ ಎಂದು ಕೂಲಿ ಕೊಡುವಾಗ ಅವರ ಮುಖ ಸ್ವಲ್ಪ ಗಂಟಾಯಿತು. ಗೋಡೆ ಒಡೆದು, ದೂಳೆಬ್ಬಿಸಿ, ಹೊಸ ಪೈಪ್ ಹಾಕಿದ್ದರೆ ಇದರ ಹತ್ತು ಪಟ್ಟನ್ನು ಮಾತಿಲ್ಲದೆ ಕೊಡುತ್ತಿದ್ದರು ಎಂಬುದು ನನ್ನ ನಂಬಿಕೆ. ಪತ್ತೆ ಹಚ್ಚುವುದೇ ಕೆಲಸ ಎಂದು ನಮ್ಮ ಜನ ಇನ್ನೂ ಒಪ್ಪಿಲ್ಲ. ಹುಡುಗನ ಮೇಲೆ ಭರವಸೆ ಇಡಲಾಗದು ಎಂದು ಆ ಮಿಕ್ಸರಿನ ಎರಡೂ ಕಡೆ ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಿಕೊಂಡರು, ಅದು ಒಳ್ಳೆಯದೇ ಆಯಿತು.

ಇದೇ ತೊಂದರೆಯ ಇನ್ನೊಂದು ಮುಖವೂ ಇದೆ. ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ತಣ್ಣೀರು ಇಂಥದೇ ದಾರಿಯಲ್ಲಿ ಬಿಸಿನೀರನ್ನು ಹಿಂದಕ್ಕೆ ತಳ್ಳಿ, ತಾರಸಿಯ ಏರ್ ಪೈಪಿನಿಂದ ಹೊರಗೆ ಉಕ್ಕಿಸುತ್ತದೆ. ಸೋಲಾರ್ ಟ್ಯಾಂಕ್ ತೂತಾಗಿದೆ ಎಂದು ಕರೆದಾಗ ನಾನು ಮೊದಲು ಕೇಳುವುದು ಪಂಪ್ ಯಾವಾಗ ಹಾಕಿಸಿದಿರಿ ಎಂದು. ಕೆಲವರು ಉಕ್ಕುವುದನ್ನು ನಿಲ್ಲಿಸಲು ಏರ್ ಪೈಪಿಗೇ ಬಿರಡೆ ಹೊಡೆಯುತ್ತಾರೆ. ಹಾಗೆ ಮಾಡಬಾರದು. ಆವಿ ಹೊರಹೋಗಲು, ಗಾಳಿ ಒಳಬರಲು ಇರುವ ದಾರಿ ಅದೊಂದೇ.

ಗೀಸರಿನ ಸೇಫ್ಟಿ ವಾಲ್ವ್ ಕಥೆಯೂ ಹೀಗೆಯೇ. ಸ್ವಿಚ್ ಹಾಕಿದ ಮೇಲೆ ಅದರಿಂದ ನೀರು ತೊಟ್ಟಿಕ್ಕುತ್ತದೆ, ವಾಲ್ವ್ ಕೆಟ್ಟಿದೆ ಎನ್ನುತ್ತಾರೆ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗದಂತೆ ವಾಲ್ವ್ ತಡೆದಿರುವುದರಿಂದ ಆ ನೀರಿಗೆ ಹೊರಬರಲು ಅದೇ ದಾರಿ. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಬಿಟ್ಟುಬಿಡಿ. ಗೀಸರ್ ಆರಿ ತಣ್ಣಗಾದ ಮೇಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಅದರ ಬಾಯಿಗೆ ಎಂಡ್ ಕ್ಯಾಪ್ ಹಾಕಿದ ಒಂದು ಗೀಸರನ್ನು ನೋಡಿದಾಗ, ಅಮ್ಮಾ, ಮೊದಲು ಸ್ವಿಚ್ ಆರಿಸಿ ಎಂದು ನಾನು ಬಾತ್‌ರೂಮಿನಿಂದ ಹೊರಗೆ ಬಂದೇ ಹೇಳಿದ್ದು.

ಒತ್ತಡದ ವಿಷಯದಲ್ಲಿ ಅಂಗಡಿಯವರಿಗಿಂತ ನಮ್ಮ ಮಾತು ಕೇಳಿದರೆ ಜನರಿಗೆ ಹಣ ಉಳಿಯುತ್ತದೆ. 10 ಅಡಿ ಎತ್ತರದ ನೀರು ಕೊಡುವುದು ಸುಮಾರು 0.3 ಬಾರ್ ಒತ್ತಡ. ಮೇಲಿನ ಮಹಡಿಯ ಷವರಿಗೂ ಟ್ಯಾಂಕಿಗೂ ನಡುವೆ ಅಷ್ಟು ಎತ್ತರವೂ ಇರುವುದಿಲ್ಲ. ಷೋರೂಮಿನಲ್ಲಿ ಪಂಪಿಗೆ ಜೋಡಿಸಿದ ದೊಡ್ಡ ತಟ್ಟೆಯಂಥ ಷವರ್ ಮಳೆ ಸುರಿಸುತ್ತದೆ, ಮನೆಗೆ ತಂದು ಹಾಕಿದರೆ ನಡುವಿನ ನಾಲ್ಕು ತೂತಿನಿಂದ ಹನಿಯುತ್ತದೆ. ಪೈಪ್ ದಪ್ಪ ಮಾಡಿಸಿದರೆ ಒತ್ತಡ ಹೆಚ್ಚುತ್ತದೆ ಎಂಬ ನಂಬಿಕೆಯೂ ತಪ್ಪು. ದಾರಿಯಲ್ಲಿ ಕಳೆದುಹೋಗುವುದು ಕಡಿಮೆಯಾಗುತ್ತದೆ ಅಷ್ಟೇ, ಎತ್ತರ ಕೊಡದ ಒತ್ತಡವನ್ನು ಪೈಪು ಎಲ್ಲಿಂದ ತರಬೇಕು? 2024ರ ಬೇಸಿಗೆಯ ನೀರಿನ ಬರದಲ್ಲಿ ಜಲಮಂಡಳಿ ಹೋಟೆಲು, ಮಾಲು, ಅಪಾರ್ಟ್‌ಮೆಂಟುಗಳಿಗೆ ನಲ್ಲಿಯ ಬಾಯಿಗೆ ಹಾಕಿ ನೀರು ಉಳಿಸುವ ಜಾಲರಿ, ಅಂದರೆ ಏರಿಯೇಟರ್ ಕಡ್ಡಾಯ ಮಾಡಿತು. ಒಳ್ಳೆಯ ಕ್ರಮವೇ, ಆದರೆ ಬೋರ್‌ವೆಲ್ ನೀರು ಬಳಸುವ ಕಡೆ ಅದರ ಜಾಲರಿಗೆ ಬೇಗ ಸುಣ್ಣ ಕಟ್ಟುತ್ತದೆ. ನೀರು ಸಣ್ಣಗೆ ಬರುತ್ತಿದೆ ಎಂದು ನನ್ನನ್ನು ಕರೆಯುವ ಮೊದಲು ಅದನ್ನು ಬಿಚ್ಚಿ ರಾತ್ರಿ ವಿನೆಗರಿನಲ್ಲಿ ನೆನೆಹಾಕಿ ನೋಡಿ.

ಹೊಸ ಜೋಡಣೆಯ ಬಗ್ಗೆ ಹೇಳಲು ಹೆಚ್ಚಿಲ್ಲ, ಅವಸರ ಮಾಡದಿದ್ದರೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಸುಲಭದ ಸಾಮಾನು. ನೇರವಾಗಿ ಕತ್ತರಿಸಿ, ಅಂಚಿನ ಚೂರು ಕೆರೆದು, ಒದ್ದೆ ಒರೆಸಿ, ಅಂಟಿನ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿದಿರಬೇಕು. ಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಸೋರದಂತೆ ಸುತ್ತುವ ಟೆಫ್ಲಾನ್ ಟೇಪನ್ನು ಫಿಟ್ಟಿಂಗಿನ ಮರೆ (ಥ್ರೆಡ್) ತಿರುಗುವ ದಿಕ್ಕಿಗೇ ಸುತ್ತಬೇಕು, ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಂಡು ಎಳೆಯಾಗಿ ಹೊರಬರುತ್ತದೆ. ಸೋರಬಾರದೆಂದು ಟೇಪನ್ನು ರಾಶಿ ಸುತ್ತಿ ಉದ್ದನೆಯ ಸ್ಪ್ಯಾನರಿನಲ್ಲಿ ಬಿಗಿದರೆ ಪ್ಲಾಸ್ಟಿಕ್ ಫಿಟ್ಟಿಂಗ್ ಸೀಳುತ್ತದೆ, ಅದೂ ಅವತ್ತಲ್ಲ, ಟೈಲ್ಸ್ ಹಾಕಿ ಗೃಹಪ್ರವೇಶವಾದ ಮೇಲೆ. ಅದಕ್ಕೇ ಗಾರೆ ಮೇಸ್ತ್ರಿ ಎಷ್ಟೇ ಗೊಣಗಲಿ, ಕೈಪಂಪಿನಿಂದ ಲೈನಿಗೆ ಒತ್ತಡ ಕೊಟ್ಟು, ಒತ್ತಡದ ಮೀಟರಿನ ಮುಳ್ಳು ಇಳಿಯದೆ ನಿಂತಿದ್ದನ್ನು ನೋಡದ ಹೊರತು ಗೋಡೆ ಮುಚ್ಚಲು ನಾನು ಬಿಡುವುದಿಲ್ಲ.

ಹೋಟೆಲುಗಳ ಕೆಲಸ ಬೇರೆಯೇ. ಅಲ್ಲಿ ಬರುವ ನೀರಿಗಿಂತ ಹೋಗುವ ನೀರಿನದೇ ಗೋಳು. ಒಂದು ದರ್ಶಿನಿಯಲ್ಲಿ ಪಾತ್ರೆ ತೊಳೆಯುವ ಜಾಗದ ಮೋರಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸಲ ಬಿದಿರಿನ ದೆಬ್ಬೆ ತೂರಿಸಿ ಬಿಡಿಸುತ್ತಿದ್ದರು. ಛೇಂಬರಿನ ಮುಚ್ಚಳ ತೆಗೆದು ನೋಡಿದರೆ ಪೈಪಿನ ಒಳಗೋಡೆಗೆ ಬೆಣ್ಣೆಯ ಬಣ್ಣದ ಗಟ್ಟಿ ಪದರ, ಅದರಲ್ಲಿ ಸಾಂಬಾರಿನ ಬೇಳೆ, ಕಾಯಿಚೂರು, ಅನ್ನ. ಬಿಸಿನೀರಿನ ಜೊತೆ ಕರಗಿ ಹೋದ ಎಣ್ಣೆ, ಡಾಲ್ಡಾ ಮುಂದೆ ಹೋಗಿ ತಣ್ಣಗಾದ ಕಡೆ ಗೋಡೆಗೆ ಅಂಟುತ್ತದೆ. ಗಂಜಿ ಅದಕ್ಕೆ ಅಂಟಿನ ಕೆಲಸ ಮಾಡುತ್ತದೆ. ಪೈಪಿನ ಇಳಿಜಾರು ಅಳೆದೆ, ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿತ್ತು. ನಾಲ್ಕು ಅಂಗುಲದ ಪೈಪಿಗೆ 10 ಅಡಿಗೆ ಮೂರು ಅಂಗುಲ ಇಳಿಜಾರು ಕೊಟ್ಟು ಮರುಹಾಸಿ, ಸಿಂಕಿಗೂ ಛೇಂಬರಿಗೂ ನಡುವೆ ಗ್ರೀಸ್ ಟ್ರಾಪ್ ಕಟ್ಟಿದೆ. ಅದು ತಡೆಗೋಡೆಯಿರುವ ಸಣ್ಣ ತೊಟ್ಟಿ ಅಷ್ಟೇ. ನೀರು ಅಲ್ಲಿ ನಿಧಾನವಾಗಿ ತಣಿಯುತ್ತದೆ, ಜಿಡ್ಡು ಮೇಲೆ ತೇಲಿ ಉಳಿಯುತ್ತದೆ, ತಳದ ಕಡೆಯ ನೀರು ತಡೆಗೋಡೆಯ ಅಡಿಯಿಂದ ಮುಂದಕ್ಕೆ ಹೋಗುತ್ತದೆ.

ಕೆಲಸದ ನಡುವೆ ಮಾಲೀಕರು ರಸ್ತೆಯ ಮ್ಯಾನ್‌ಹೋಲ್ ಕಡೆ ಕೈ ತೋರಿಸಿ, ಒಬ್ಬ ಹುಡುಗನನ್ನು ಇಳಿಸಿ ಅಲ್ಲಿಯೂ ತೆಗೆಸಿಬಿಡು, ದುಡ್ಡು ಬೇರೆ ಕೊಡುತ್ತೇನೆ ಎಂದರು. ಆಗುವುದಿಲ್ಲ ಎಂದೆ. ಕೈಯಿಂದ ಮಲ ಬಳಿಯುವುದನ್ನೂ, ರಕ್ಷಣೆಯಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನೂ 2013ರ ಕಾಯ್ದೆ ಅಪರಾಧ ಮಾಡಿದೆ. ಕಾಯ್ದೆ ಇರದಿದ್ದರೂ ಒಳಗಿನ ಅನಿಲಕ್ಕೆ ಸಿಕ್ಕವನನ್ನು ಮೇಲೆತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ಜಲಮಂಡಳಿಗೆ ಫೋನ್ ಮಾಡಿಸಿದೆ, ನೀರನ್ನು ರಭಸದಿಂದ ಚಿಮ್ಮಿಸಿ ಮೋರಿ ಬಿಡಿಸುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಮಧ್ಯಾಹ್ನದ ಊಟ ಬಾಳೆ ಎಲೆಯ ಮೇಲೆ ಬಡಿಸಿದರು. ಗ್ರೀಸ್ ಟ್ರಾಪನ್ನು ವಾರಕ್ಕೊಮ್ಮೆ ತೆರೆದು ಜಿಡ್ಡು ಬಾಚಿ ಡಬ್ಬಿಗೆ ತುಂಬುವ ಜವಾಬ್ದಾರಿಯನ್ನು ಪಾತ್ರೆ ತೊಳೆಯುವವರಿಗೆ ಒಪ್ಪಿಸಿದ್ದಾರೆ. ಅದಕ್ಕೆ ಉದ್ದ ಹಿಡಿಯ ಜಾಲರಿ ಸೌಟು, ಮೊಣಕೈವರೆಗಿನ ಕೈಗವಸು ಕೊಡಿಸಿದ ಮೇಲೆಯೇ ನಾನು ನನ್ನ ಬಾಕಿ ತೆಗೆದುಕೊಂಡದ್ದು.